ಇಲ್ಲದ ಬಾಯ್ಲರಿಗೆ ಆಯುಧಪೂಜೆ

ನನ್ನ ತಂಗಿಯ ಮಗಳು ಸುಮೇಧಾ ತಾಂಬರಂನಿಂದ ದಿನಾ ಎಲೆಕ್ಟ್ರಿಕ್ ಟ್ರೈನ್ ಹಿಡಿದು ಒಂದು ದೊಡ್ಡ ಕಂಪನಿಗೆ ಹೋಗಿಬರುತ್ತಾಳೆ. ಅವಳಿರುವುದು ಸಸ್ಟೇನಬಿಲಿಟಿ ವಿಭಾಗದಲ್ಲಿ. ನಮ್ಮ ಕಾಲದಲ್ಲಿ ಅದಕ್ಕೆ ಇಷ್ಟು ಚೆಂದದ ಹೆಸರಿರಲಿಲ್ಲ. 'ಪೊಲ್ಯೂಷನ್ ಸೆಕ್ಷನ್' ಎನ್ನುತ್ತಿದ್ದರು, ಬೇರೆ ಯಾವ ಸೆಕ್ಷನ್ನಿಗೂ ಬೇಡವಾದವರನ್ನು ತಂದು ಅದಕ್ಕೆ ಹಾಕುತ್ತಿದ್ದರು. ನಾನು ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರ ಕೊಡುವ ಹುಡುಗಿ ಅವಳು. ಮೊನ್ನೆ ನನ್ನ ಕಥೆಯನ್ನೆಲ್ಲ ಕೇಳಿ, "ದೊಡ್ಡಮ್ಮಾ, ಇದೆಲ್ಲಾ ಎಳುದಿ ವೈ," ಎಂದಳು. ಬರೆದಿಡು ಎಂದು. ಅವಳ ಜೊತೆಯವರಿಗೂ ಬೇಕಂತೆ. ಬರೆಯುತ್ತಿದ್ದೇನೆ. ಕನ್ನಡದಲ್ಲೇ ಬರೆಯುತ್ತೇನೆ, ಬೇಕಾದರೆ ಅವಳಮ್ಮನ ಕೈಲಿ ಓದಿಸಿಕೊಳ್ಳಲಿ.

ನಾನು ವಸುಂಧರಾ. ಅಪ್ಪ ರೈಲ್ವೆಯಲ್ಲಿದ್ದರು, ಹುಟ್ಟಿ ಬೆಳೆದದ್ದು ಪೆರಂಬೂರಿನಲ್ಲಿ. ಕೆಮಿಸ್ಟ್ರಿ ಓದಿ, ಮಾಧವರಂ ಆಚೆ ಇದ್ದ ಒಂದು ರಬ್ಬರ್ ಪೈಪಿನ ಫ್ಯಾಕ್ಟರಿಯ ಲ್ಯಾಬಿಗೆ ಸೇರಿದೆ, ಅಲ್ಲೇ ನಿವೃತ್ತಳಾದೆ. ಯಾವಾಗ ಏನು ಬಡ್ತಿ ಸಿಕ್ಕಿತು ಎಂದು ಬರೆದು ನಿಮ್ಮ ತಲೆ ತಿನ್ನುವುದಿಲ್ಲ. ಕಂಪನಿಯ ಹೆಸರನ್ನೂ ಹೇಳುವುದಿಲ್ಲ. ಅಂಥ ಕಂಪನಿ ಅದೊಂದೇ ಎಂದು ನೀವು ಸಮಾಧಾನ ಮಾಡಿಕೊಳ್ಳುವುದು ನನಗೆ ಬೇಡ.

ನನ್ನ ಮೊದಲ ಮೇಲಧಿಕಾರಿಗೆ ಯಂತ್ರಗಳ ಮೇಲೆ ನಂಬಿಕೆಯೇ ಇರಲಿಲ್ಲ. ಪ್ರತಿದಿನ ಬೆಳಗ್ಗೆ ಕ್ಯಾಂಟೀನಿನ ಹಿಂದಿನ ತಂತಿಗೆ ಒದ್ದೆ ಮಾಡಿದ ಒಂದು ಬಿಳಿ ಪಂಚೆಯನ್ನು ಒಣಹಾಕಿಸುತ್ತಿದ್ದರು. ಸಂಜೆ ಅದನ್ನು ತೆಗೆದು ಬೆಳಕಿಗೆ ಹಿಡಿದು ನೋಡುವುದು, ಬೂದಿಯ ಚುಕ್ಕೆ ಜಾಸ್ತಿ ಇದ್ದರೆ ಸೀದಾ ಬಾಯ್ಲರ್ ಮನೆಗೆ ಹೋಗಿ ಬೈಯುವುದು. ನಾನು ಹೊಸದಾಗಿ ಓದಿ ಬಂದವಳು, ನನಗೆ ನಗು. ಒಂದು ಸಲ ಪಂಚೆ ಪೂರ್ತಿ ಕೆಂಪಾಗಿತ್ತು. ಅವರು ಗಾಬರಿಯಾಗಿ ಇಡೀ ಫ್ಯಾಕ್ಟರಿ ಸುತ್ತಿದರು. ಆಮೇಲೆ ನೋಡಿದರೆ ಕ್ಯಾಂಟೀನಿನವಳು ಪಕ್ಕದಲ್ಲೇ ಮೆಣಸಿನಪುಡಿ ಜರಡಿ ಹಿಡಿದಿದ್ದಳು. ಅವರು ನಿವೃತ್ತರಾದ ಮೇಲೆ ಪಂಚೆ ಹೋಯಿತು, ಚಿಮಣಿಗೆ ಮೀಟರು ಬಂತು, ಮೀಟರಿನ ತೆರೆ ನನ್ನ ಮೇಜಿನ ಮೇಲೆ ಬಂತು. ಅದರಲ್ಲಿ ಹಸಿರು ಗೆರೆ ಕಂಡರೆ ಎಲ್ಲ ಸರಿ ಎಂದು ಅರ್ಥ. ಪಂಚೆಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ ಎಂಬುದು ಹೊಳೆಯಲು ನನಗೆ ಬಹಳ ವರ್ಷ ಬೇಕಾಯಿತು.

ಮುಂದಿನ ಬದಲಾವಣೆ ಗಾಜಿನದು. ಹಳೆಯ ಯಜಮಾನರ ಮಗ ಎಂ.ಡಿ. ಆಗಿ ಬಂದರು. ಓದಿದ್ದೆಲ್ಲ ಹೊರದೇಶದಲ್ಲಿ, ಒಳ್ಳೆಯ ಮಾತುಗಾರ. ನಮ್ಮ ಕಂಪನಿಯಲ್ಲಿ ಮುಚ್ಚುಮರೆ ಇರಬಾರದು ಎಂದು ಆಫೀಸಿನ ಗೋಡೆಗಳನ್ನೆಲ್ಲ ಒಡೆಸಿ ಗಾಜು ಹಾಕಿಸಿದರು. ತಿಂಗಳಿಗೊಂದು ಮುಕ್ತಸಭೆ ಶುರುವಾಯಿತು. ಯಾರು ಬೇಕಾದರೂ ಮೈಕ್ ಹಿಡಿದು ಎಂ.ಡಿ.ಯವರನ್ನು ಏನು ಬೇಕಾದರೂ ಕೇಳಬಹುದು. ಮೊದಲ ಸಭೆಯಲ್ಲಿ ಒಬ್ಬ ಸಾಂಬಾರು ನೀರಾಗಿದೆ ಎಂದ. ಮುಂದಿನ ತಿಂಗಳು ಸಾಂಬಾರು ಗಟ್ಟಿಯಾಯಿತು. ಎಲ್ಲರೂ ಖುಷಿಪಟ್ಟರು, ನಾನೂ ಪಟ್ಟೆ. ಆಮೇಲಿನ ವರ್ಷಗಳಲ್ಲಿ ಅದಕ್ಕಿಂತ ದೊಡ್ಡ ಪ್ರಶ್ನೆಯನ್ನು ಆ ಮೈಕಿನಲ್ಲಿ ನಾನು ಕೇಳಲಿಲ್ಲ.

ಇಷ್ಟರಲ್ಲಿ ಹವಾಮಾನದ ಮಾತು ಬಂತು. ನಮ್ಮ ಪೈಪು ಕೊಳ್ಳುವ ಯೂರೋಪಿನ ಕಂಪನಿಯವರು, ಕಲ್ಲಿದ್ದಲು ಸುಡುವವರಿಂದ ಇನ್ನು ಮೇಲೆ ಮಾಲು ಕೊಳ್ಳುವುದಿಲ್ಲ ಎಂದರು. ರಬ್ಬರನ್ನು ಬೇಯಿಸಲು ನಮಗೆ ಸ್ಟೀಮ್ ಬೇಕು, ಸ್ಟೀಮಿಗೆ ಬಾಯ್ಲರ್ ಬೇಕು, ನಮ್ಮ ಬಾಯ್ಲರ್ ತಿನ್ನುತ್ತಿದ್ದದ್ದು ಕಲ್ಲಿದ್ದಲು. ಎಂ.ಡಿ. ಮುಕ್ತಸಭೆಯಲ್ಲಿ ಎದ್ದು ನಿಂತು, ನಾವು ಕಲ್ಲಿದ್ದಲು ಬಿಡುತ್ತೇವೆ ಎಂದು ಮಾತು ಕೊಟ್ಟರು. ನನಗೆ ಕಣ್ಣು ತುಂಬಿತು, ಸುಳ್ಳಲ್ಲ. ಉತ್ತರ ಮದ್ರಾಸಿನ ಗಾಳಿ ಕುಡಿದು ಬೆಳೆದವಳು ನಾನು. ಮನೆಯೊಳಗೆ ನೀರು ನುಗ್ಗಿ ಅಕ್ಕಿ ಡಬ್ಬ ತೇಲಿದ್ದನ್ನು ಕಂಡವಳು. ಹೊಗೆ ನಿಲ್ಲಬೇಕು ಎನ್ನುವುದರಲ್ಲಿ ನನಗೆ ಆಗಲೂ ಎರಡು ಮಾತಿರಲಿಲ್ಲ, ಈಗಲೂ ಇಲ್ಲ.

ಆ ಬಾಯ್ಲರಿನ ಆಪರೇಟರು ಏಳುಮಲೈ. ಹೊಸೂರು ಕಡೆಯವರು, ತಾಯಿಯ ಮನೆಮಾತು ಕನ್ನಡ, ಹಾಗಾಗಿ ನನ್ನ ಹತ್ತಿರ ಕನ್ನಡದಲ್ಲೇ ಮಾತು. ದಪ್ಪ ಮೀಸೆ, ಮೆಲ್ಲಗಿನ ದನಿ. ಹೆಂಡತಿಗೆ ಕಿಡ್ನಿ ಕೆಟ್ಟು ವಾರವಾರ ಡಯಾಲಿಸಿಸ್ ಆಗಬೇಕಿತ್ತು. ಕಂಪನಿಯ ಆಸ್ಪತ್ರೆ ಕಾರ್ಡಿನ ಮೇಲೆ ಅದು ನಡೆಯುತ್ತಿತ್ತು. "ಆ ಕಾರ್ಡಿರಾಗಂಟ ಅವಳಿರ್ತಾಳೆ ಮೇಡಂ," ಎಂದು ಒಮ್ಮೆ ಸಹಜವಾಗಿ ಹೇಳಿದ್ದರು. ನನಗೆ ಆ ಮಾತು ಮರೆತಿಲ್ಲ.

ಕಲ್ಲಿದ್ದಲು ಬಿಟ್ಟದ್ದು ಹೇಗೆ ಎಂದರೆ, ಹಳೆಯ ಬಾಯ್ಲರನ್ನು ತುಂಡು ಮಾಡಿ ಗುಜರಿಗೆ ಹಾಕಿದೆವು ಎಂದು ಎಲ್ಲರಿಗೂ ತಿಳಿಸಿದರು. ಬಾಯ್ಲರ್ ಮನೆಯಿದ್ದ ಮೂಲೆಯ ಜಾಗಕ್ಕೂ ನಮಗೂ ನಡುವೆ ಎತ್ತರದ ಗೋಡೆ ಎದ್ದಿತು. ಆ ಜಾಗವನ್ನು ಪಕ್ಕದ ಕಂಪನಿಯವರು ಗೋಡೌನಿಗೆ ತೆಗೆದುಕೊಂಡರಂತೆ. ಅವರದು ಕಡಲೆಕಾಯಿ ಸಿಪ್ಪೆ ಸುಡುವ ಹೊಸ ಬಾಯ್ಲರ್, ಅವರಿಂದ ನಾವು ಸ್ಟೀಮ್ ಕೊಳ್ಳುತ್ತೇವೆ, ಹಳೆಯ ಚಿಮಣಿಯನ್ನು ಅವರೇ ಬಳಸುತ್ತಾರೆ. ನನ್ನನ್ನೂ ಕರೆದುಕೊಂಡು ಹೋದರು. ಮೇನ್‌ರೋಡ್ ಸುತ್ತಿ, ಪಕ್ಕದವರ ಮುಂಬಾಗಿಲಿನಿಂದ. ಹೊಸ ಬಾಯ್ಲರೊಂದು ಉರಿಯುತ್ತಿತ್ತು, ಮುಂದೆ ಗುಡ್ಡೆ ಗುಡ್ಡೆ ಸಿಪ್ಪೆ. ನಾನು ಸಿಪ್ಪೆಯನ್ನು ಕೈಲಿ ಹಿಡಿದು ಮೂಸಿಯೂ ನೋಡಿದೆ.

ಏಳುಮಲೈ ಮತ್ತು ಅವರ ಕೈಕೆಳಗಿನ ಐವರು ಸ್ವಂತ ಇಚ್ಛೆಯಿಂದ ನಿವೃತ್ತಿ ತೆಗೆದುಕೊಂಡರು ಎಂದರು. ಬೀಳ್ಕೊಡುಗೆ ಸಮಾರಂಭವೂ ಆಯಿತು. ಶಾಲು, ಮಾಲೆ, ಗೋಡೆ ಗಡಿಯಾರ. ಮಾತಾಡಿದವಳು ನಾನೇ. 'ಇವರು ನಮಗಾಗಿ ಎಷ್ಟೋ ವರ್ಷ ಬೆಂಕಿಯ ಮುಂದೆ ನಿಂತರು, ಇನ್ನಾದರೂ ತಣ್ಣಗಿರಲಿ' ಎಂದೆಲ್ಲ ಹೇಳಿದೆ. ಏಳುಮಲೈ ತಲೆ ತಗ್ಗಿಸಿಕೊಂಡು ಕೂತಿದ್ದರು. ಹೋಗುವ ಸಂಕಟ ಎಂದುಕೊಂಡೆ.

ನಮ್ಮ ಪ್ಲಾಂಟ್ ಮ್ಯಾನೇಜರು ಗುರುರಾಜ ರಾಯರು. ಮೂರು ತಲೆಮಾರಿನಿಂದ ಮದ್ರಾಸಿನಲ್ಲಿರುವ ಮಾಧ್ವರು, ನಮ್ಮಿಬ್ಬರದೂ ಕನ್ನಡ. ಅವರ ಕನ್ನಡದಲ್ಲಿ ಅರ್ಧ ತಮಿಳು, ಅದನ್ನು ಆಡಿ ತೋರಿಸಿದರೆ ಅವರೇ ನಗುತ್ತಿದ್ದರು. ಆ ವರ್ಷ ಹಲವು ಸಲ ನನ್ನ ಗಾಜಿನ ಕೋಣೆಗೆ ಬಂದು, "ವಸುಂಧರಾ ಅವರೇ, ನಿಮ್ಮ ರಿಪೋರ್ಟ್ ರೊಂಬ ನನ್ನಾಗಿದೆ, ತುಂಬ ಚೆನ್ನಾಗಿದೆ," ಎಂದು ಹೊಗಳಿ ಹೋಗುತ್ತಿದ್ದರು. ಕ್ಯಾಂಟೀನಿನವಳು ಮಾತ್ರ, ಬಟ್ಟೆ ಒಣಹಾಕಿದರೆ ಈಗಲೂ ಕರಿಚುಕ್ಕೆ ಬೀಳುತ್ತದೆ ಎಂದು ಗೊಣಗುತ್ತಿದ್ದಳು. ಲಾರಿಗಳ ಹೊಗೆ ಎಂದೆ. ನನ್ನ ಹಳೆಯ ಮೇಲಧಿಕಾರಿ ಇದ್ದಿದ್ದರೆ ತಲೆಗೊಂದು ಮೊಟಕುತ್ತಿದ್ದರು.

ಈಗ ಆಯುಧಪೂಜೆಗೆ ಬರುತ್ತೇನೆ. ಮದ್ರಾಸಿನ ಫ್ಯಾಕ್ಟರಿಗಳಲ್ಲಿ ಆ ದಿನ ಎಂಥದೆಂದು ಇಲ್ಲಿ ಕೆಲಸ ಮಾಡಿದವರಿಗೆ ಗೊತ್ತು. ಹಿಂದಿನ ದಿನವೇ ಪ್ರತಿ ಯಂತ್ರವನ್ನೂ ತೊಳೆದು ಒರೆಸಿ, ಬಾಳೆಕಂದು ಕಟ್ಟಿ, ಬಣ್ಣದ ಕಾಗದ ಅಂಟಿಸುತ್ತಾರೆ. ಬೆಳಗ್ಗೆ ನಾದಸ್ವರ, ತವಿಲ್ ಡೋಲು. ಮುಂದೆ ಗುಡಿಯ ಅರ್ಚಕರು, ಇಲ್ಲಿ ಗುರುಕ್ಕಳು ಎನ್ನುತ್ತಾರೆ, ಮಂಗಳಾರತಿ ತಟ್ಟೆ ಹಿಡಿದು, ಹಿಂದೆ ನಾವೆಲ್ಲ. ಲೇತಿನಿಂದ ಹಿಡಿದು ಆಫೀಸಿನ ಪಂಚಿಂಗ್ ಯಂತ್ರದವರೆಗೆ ಎಲ್ಲಕ್ಕೂ ಗಂಧ, ಕುಂಕುಮ, ಹೂವು. ಕೆಟ್ಟು ಮೂಲೆ ಸೇರಿದ ಯಂತ್ರಕ್ಕೂ ಒಂದು ಬೊಟ್ಟು ಇಡದೆ ಬಿಡುವುದಿಲ್ಲ. ಕೊನೆಗೆ ಬಾಯ್ಲರ್. ಅಗ್ನಿಯ ಮುಂದೆ ದೊಡ್ಡ ಆರತಿ, ಬೂದುಗುಂಬಳ ಒಡೆಯುವುದು, ಅಲ್ಲಿಗೆ ಪೂಜೆ ಮುಗಿಯಿತು. ಆಮೇಲೆ ಪುರಿ, ಕಡಲೆ, ಬೆಲ್ಲ.

ಬಾಯ್ಲರ್ ಹೋದ ಮೇಲೆ ಬಂದ ಮೊದಲ ಆಯುಧಪೂಜೆಗೆ ಎಂ.ಡಿ.ಯವರು ಯೂರೋಪಿನ ಆ ಕಂಪನಿಯಿಂದ ಇಬ್ಬರನ್ನು ಕರೆಸಿದ್ದರು. ನಮ್ಮ ಸಂಸ್ಕೃತಿ ನೋಡಲಿ ಎಂದು. ಬಂದವರಲ್ಲಿ ಹಿರಿಯಳು ಇಂಗ್ರಿಡ್ ಎಂಬ ಹೆಂಗಸು, ನನ್ನ ವಯಸ್ಸಿನವಳು, ಕೂದಲಿಗೆ ಬಣ್ಣ ಹಾಕದವಳು. ನನ್ನ ರಿಪೋರ್ಟನ್ನು ಅಕ್ಷರ ಅಕ್ಷರ ಓದಿಕೊಂಡು ಬಂದಿದ್ದಳು. ಅವಳ ಪಕ್ಕದಲ್ಲಿ ನಿಂತು ಯಾವುದು ಏನು ಎಂದು ವಿವರಿಸುವ ಕೆಲಸ ನನ್ನದು.

ಗುರುಕ್ಕಳಿಗೆ ಅವತ್ತು ಇನ್ನೂ ಎರಡು ಕಡೆ ಪೂಜೆ ಒಪ್ಪಿಕೊಂಡಾಗಿತ್ತು, ಕಾಲಲ್ಲಿ ಚಕ್ರ ಕಟ್ಟಿಕೊಂಡಂತೆ ಓಡುತ್ತಿದ್ದರು. ಪೈಪು ಬೇಯಿಸುವ ಶೆಡ್ಡಿನ ಪೂಜೆ ಮುಗಿಯಿತು. ಅಲ್ಲಿಗೆ ಕೊನೆ ಎಂದು ನಾನು ಇಂಗ್ರಿಡ್‌ಗೆ ಹೇಳಿದೆ. ಗುರುಕ್ಕಳು ತಟ್ಟೆ ಹಿಡಿದುಕೊಂಡು, ಪ್ರತಿವರ್ಷ ಹೋಗುವ ದಾರಿಯಲ್ಲೇ ಹೊರಟರು. ತವಿಲಿನವರು ಹಿಂದೆ ಹೊರಟರು. ಕೆಲಸಗಾರರು ಅವರ ಹಿಂದೆ. ಎತ್ತರದ ಗೋಡೆಯಲ್ಲಿ ಒಂದು ಸಣ್ಣ ಕಬ್ಬಿಣದ ಬಾಗಿಲಿತ್ತು, ಸದಾ ಬೀಗ ಹಾಕಿದ್ದನ್ನೇ ನಾನು ನೋಡಿದ್ದೆ. ಅವತ್ತು ಅದು ತೆರೆದಿತ್ತು. ಬಾಗಿಲಿಗೂ ಮಾವಿನ ತೋರಣ. ರಾಯರು ಆಫೀಸಿನ ಮುಂದೆ ಪುರಿ ಪೊಟ್ಟಣ ಹಂಚಿಸುತ್ತಿದ್ದರು, ದೂರದಿಂದ ನೋಡಿ ಓಡೋಡಿ ಬಂದರು. ಅಷ್ಟರಲ್ಲಿ ಮೆರವಣಿಗೆ ಆಚೆಗೆ ದಾಟಿತ್ತು. ಇಂಗ್ರಿಡ್ ಕುತೂಹಲದಿಂದ ಹೋದಳು, ಅವಳ ಹಿಂದೆ ನಾನು.

ಬಾಯ್ಲರ್ ಅಲ್ಲೇ ಇತ್ತು.

ಅದೇ ಹಳೆಯ ಬಾಯ್ಲರ್, ಹೊಟ್ಟೆಯ ಮೇಲೆ ಅದೇ ನಂಬರಿನ ತಗಡು, ನಮ್ಮ ಕಂಪನಿಯ ಅದೇ ನೀಲಿ ಬಣ್ಣ. ಪಕ್ಕದಲ್ಲಿ ಕಲ್ಲಿದ್ದಲ ರಾಶಿ, ರಾಶಿಯ ನೆತ್ತಿಯ ಮೇಲೆ ಚೆಂಡುಹೂವಿನ ಹಾರ, ಒಂದು ನಿಂಬೆಹಣ್ಣು. ಅದರ ಮುಂದೆ ಪಕ್ಕದ ಕಂಪನಿಯ ಹೆಸರಿನ ಶರ್ಟು ತೊಟ್ಟು ಕೈಮುಗಿದು ನಿಂತವರು ಏಳುಮಲೈ. ನಾನು ಶಾಲು ಹೊದಿಸಿ ಕಳಿಸಿಕೊಟ್ಟ ಮನುಷ್ಯ. ಅವರ ಹಿಂದೆ ಆ ಐವರು. ಒಂದು ವರ್ಷದಿಂದ ನನ್ನ ಗಾಜಿನ ಕೋಣೆಗೆ ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿ ಇವರು ಕಲ್ಲಿದ್ದಲು ಎತ್ತಿ ಹಾಕುತ್ತಿದ್ದರು. ನಾನು ಪ್ರತಿ ತಿಂಗಳು ಸಿಪ್ಪೆಯ ಹೊಗೆ ಎಂದು ಬರೆಯುತ್ತಿದ್ದೆ. ನನಗೆ ತೋರಿಸಿದ್ದ ಸಿಪ್ಪೆಯ ಬಾಯ್ಲರು ಪಕ್ಕದವರ ಸ್ವಂತ ಕೆಲಸದ್ದು, ನಮ್ಮ ಸ್ಟೀಮಿನದಲ್ಲ.

ಗುರುಕ್ಕಳು ಆರತಿ ಎತ್ತಿದರು. ಕುಂಬಳಕಾಯಿ ಒಡೆಯಿತು. ಯಾರ ಮುಖದಲ್ಲೂ ಆಶ್ಚರ್ಯವಿರಲಿಲ್ಲ, ಅದು ನನ್ನನ್ನು ಇನ್ನೂ ಕಂಗೆಡಿಸಿತು. ಪಕ್ಕದಲ್ಲಿದ್ದ ಪೈಪು ಶೆಡ್ಡಿನ ಮೇಸ್ತ್ರಿಯನ್ನು ಮೆಲ್ಲಗೆ ಕೇಳಿದೆ. "ನಿಮಗೆ ತಿಳಿದೇ ಇರುತ್ತೆ ಅಂದುಕೊಂಡಿದ್ವಿ ಮೇಡಂ, ರಿಪೋರ್ಟ್ ಬರೆಯೋರು ನೀವೇ ಅಲ್ಲವಾ," ಎಂದು ತಮಿಳಿನಲ್ಲಿ ಹೇಳಿ ಆರತಿಗೆ ಕೈಚಾಚಿದ. ಇಡೀ ಫ್ಯಾಕ್ಟರಿಗೆ ಗೊತ್ತಿತ್ತು. ಇಷ್ಟೊಂದು ಗಾಜು ಹಾಕಿದ ಕಟ್ಟಡದಲ್ಲಿ ಗೊತ್ತಿಲ್ಲದವಳು ನಾನೊಬ್ಬಳೇ.

ಇಂಗ್ರಿಡ್ ಒಳ್ಳೆಯ ಪೂಜೆ ಎಂದು ಫೋಟೋ ತೆಗೆಯುತ್ತಿದ್ದಳು. ತೆಗೆಯುತ್ತಾ ನಿಂತಳು. ಕಲ್ಲಿದ್ದಲನ್ನು ನೋಡಿದಳು, ಗೋಡೆಯ ಮೇಲೆ ಹಾಯ್ದು ನಮ್ಮ ಶೆಡ್ಡಿಗೆ ಹೋಗುವ ಸ್ಟೀಮ್ ಪೈಪನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿ, "ಇದು ಯಾರ ಬಾಯ್ಲರ್?" ಎಂದಳು.

ರಾಯರು ಅಷ್ಟರಲ್ಲಿ ನನ್ನ ಭುಜದ ಹತ್ತಿರ ಬಂದಿದ್ದರು. ಏದುಸಿರು ಬಿಡುತ್ತ ಕನ್ನಡದಲ್ಲಿ, "ಪಕ್ಕದವರದು ಅಂತ ಹೇಳಿಬಿಡಿ ವಸುಂಧರಾ ಅವರೇ. ಅಪ್ಪುರಂ ಪೇಸಲಾಂ, ಆಮೇಲೆ ಮಾತಾಡೋಣ," ಎಂದರು. ಎಂ.ಡಿ. ಸ್ವಲ್ಪ ದೂರದಲ್ಲಿ ಹಣೆಯ ತುಂಬ ಕುಂಕುಮ ಇಟ್ಟುಕೊಂಡು ನಿಂತಿದ್ದರು. ಏಳುಮಲೈ ನನ್ನ ಕಡೆ ನೋಡಿ ಸಣ್ಣಗೆ ತಲೆ ಅಲ್ಲಾಡಿಸಿದರು. ಬೇಡ ಎಂದೋ, ಕ್ಷಮಿಸಿ ಎಂದೋ, ನನಗೆ ತಿಳಿಯಲಿಲ್ಲ.

"ನಮ್ಮದು," ಎಂದೆ.

ಏಳುಮಲೈ ಯಾಕೆ ತಲೆ ಅಲ್ಲಾಡಿಸಿದರೆಂದು ಮಧ್ಯಾಹ್ನ ಗೊತ್ತಾಯಿತು. ಕ್ಯಾಂಟೀನಿನ ಹಿಂದೆ, ಪಂಚೆಯ ಆ ಹಳೆಯ ತಂತಿಯ ಹತ್ತಿರ ನನಗಾಗಿ ಕಾದಿದ್ದರು.

"ಪಕ್ಕದ ಕಂಪನಿ ಲೆಕ್ಕದಾಗೆ ಕೆಲಸ ಮಾಡು, ಆಸ್ಪತ್ರೆ ಕಾರ್ಡು ಅಂಗೇ ಇರ್ತದೆ, ಮೇಡಂಗೆ ಮಾತ್ರ ಹೇಳಬ್ಯಾಡ ಅಂದಿದ್ರು," ಎಂದರು. "ಗುರುಕ್ಕಳ್ನ ನಾನೇ ಕೇಳಿಕೊಂಡಿದ್ದೆ. ಎಲ್ಲಾ ಮುಗಿದು ಆ ದೊರೆಸಾನಿ ಹೋದ್ಮೇಲೆ ಬನ್ನಿ ಸಾಮಿ ಅಂದಿದ್ದೆ. ಅವರು ಅವಸರದಾಗೆ ಮೇಳಾನೇ ಕರ್ಕೊಂಡು ಬಂದ್ಬಿಟ್ರು."

"ಪೂಜೆ ಬಿಟ್ಟಿದ್ದರೆ ಏನಾಗುತ್ತಿತ್ತು ಏಳುಮಲೈ?"

"ಅದೆಂಗೆ ಬಿಡಾಕಾಯ್ತದೆ ಮೇಡಂ. ಇಲ್ಲ ಅಂತ ಬರೆದ್ರೆ ಬೆಂಕಿ ಇಲ್ದಂಗೆ ಆಯ್ತದಾ?"

ನನಗೆ ಅಳು ಬಂತು. ಅವರಿಗೆ ಬರಲಿಲ್ಲ.

ನನ್ನ ಕೆಲಸ ಅವತ್ತೇ ಹೋಗುತ್ತದೆ ಎಂದುಕೊಂಡಿದ್ದೆ. ಮನೆಗೆ ಬಂದು ಯಜಮಾನರಿಗೆ ಹೇಳಿದೆ. "ಹೋದರೆ ಹೋಗಲಿ, ಹೇಗೂ ವರ್ಷದಲ್ಲಿ ನಿವೃತ್ತಿ," ಎಂದರು ಅವರು. ಆದರೆ ಹೋಗಲಿಲ್ಲ. ಮುಂದೆ ನಡೆದದ್ದಕ್ಕೆ ನಾನು ಸಿದ್ಧಳಾಗಿರಲಿಲ್ಲ. ಒಂದು ವಾರದೊಳಗೆ ಎಂ.ಡಿ. ತಾವೇ ಪ್ರಕಟಣೆ ಹೊರಡಿಸಿದರು. ನಮ್ಮಲ್ಲಿ ತಪ್ಪಾಗಿದೆ, ಆ ಹೊಗೆ ನಮ್ಮದೇ, ನಮ್ಮ ಸಿಬ್ಬಂದಿಯೇ ಅದನ್ನು ಬಯಲು ಮಾಡಿದರು, ಇದೇ ನಮ್ಮ ಪಾರದರ್ಶಕತೆ. ಹಳೆಯ ಬಾಯ್ಲರಿಗೆ ಬೀಗ, ಗ್ಯಾಸಿನ ಹೊಸ ಬಾಯ್ಲರಿಗೆ ಆರ್ಡರ್. ಯೂರೋಪಿನವರು, ಇಷ್ಟು ಪ್ರಾಮಾಣಿಕರನ್ನು ನಾವು ಕಂಡಿಲ್ಲ ಎಂದು ಹೊಗಳಿದರು. ಯಾವುದೋ ಹೋಟೆಲಿನ ಸಭೆಯಲ್ಲಿ ಎಂ.ಡಿ.ಗೆ ಸನ್ಮಾನವೂ ಆಯಿತು. ಕಣ್ಣಿಗೆ ಮಣ್ಣೆರಚಿ ಸಿಕ್ಕಿಬಿದ್ದವನನ್ನೇ ಕರೆದು ಹಾರ ಹಾಕಿದ್ದನ್ನು ನಾನು ಮೊದಲ ಸಲ ನೋಡಿದೆ.

ಅದೇ ವಾರ ಪಕ್ಕದ ಕಂಪನಿಯ ಗುತ್ತಿಗೆ ರದ್ದಾಯಿತು. ಏಳುಮಲೈ ಮತ್ತು ಐವರನ್ನು ಗೇಟಿನ ಹೊರಗೆ ನಿಲ್ಲಿಸಿದರು. ಆಸ್ಪತ್ರೆ ಕಾರ್ಡು ನಿಂತಿತು.

ನಾನು ಎಂ.ಡಿ. ಕೋಣೆಗೆ ನುಗ್ಗಿದೆ. ಅವರು ಇಂಗ್ಲಿಷಿನಲ್ಲಿ ಬಹಳ ಮೃದುವಾಗಿ ಮಾತಾಡಿದರು. ನಿಮ್ಮ ನೋವು ಅರ್ಥವಾಗುತ್ತದೆ, ಆದರೆ ದಾಖಲೆಯ ಪ್ರಕಾರ ಅವರು ನಮ್ಮ ನೌಕರರಲ್ಲ, ನಿಮಗೆ ಬೇಕಾದದ್ದು ಸತ್ಯ ತಾನೆ, ಸತ್ಯ ಇದೇ ಎಂದರು. ಗಾಜಿನ ಆಚೆ ರಾಯರು ನಿಂತು ನೋಡುತ್ತಿದ್ದರು. ಹೊರಗೆ ಬಂದಾಗ ಅವರಿಗೆ ಹೇಳಿದೆ, "ರಾಯರೇ, ಹೊಗೆ ನಿಮ್ಮದಂತೆ, ಬೆಂಕಿ ಹಾಕಿದವನು ನಿಮ್ಮವನಲ್ಲವಂತೆ. ನಾಚಿಕೆ ಆಗೋಲ್ಲವೆ?"

"ಪಾಲಿಸಿ ಅಂದ್ರೆ ಹಾಗೇ ವಸುಂಧರಾ ಅವರೇ. ಭೂಮಿ ಉಳಿಯಬೇಕು ಅಂದ್ರೆ ಯಾರಾದ್ರೂ ಸ್ವಲ್ಪ ಅಡ್ಜಸ್ಟ್ ಮಾಡ್ಕೋಬೇಕು," ಎಂದರು.

ಈ ಮಾತನ್ನು ನಾನು ನಿಮಗಾಗಿ ಎತ್ತಿ ಬರೆಯುತ್ತಿದ್ದೇನೆ. ಭೂಮಿ ಉಳಿಸುವ ಮಾತಾಡುವ ಕೋಣೆಯಲ್ಲಿ ನೀವು ಕೂತಾಗ, ಅಡ್ಜಸ್ಟ್ ಮಾಡಿಕೊಳ್ಳಬೇಕಾದವನು ಆ ಕೋಣೆಯಲ್ಲಿ ಇದ್ದಾನೆಯೆ ಎಂದು ಸುತ್ತ ನೋಡಿ. ನಾನು ಅಷ್ಟು ವರ್ಷ ನೋಡಿರಲಿಲ್ಲ. ಕಲ್ಲಿದ್ದಲು ನಿಂತದ್ದು ಒಳ್ಳೆಯದೇ. ಆದರೆ ಅದು ನಿಂತದ್ದಕ್ಕೆ ಎಂ.ಡಿ.ಗೆ ಹಾರ ಸಿಕ್ಕಿತು, ಏಳುಮಲೈಯ ಹೆಂಡತಿ ಸರ್ಕಾರಿ ಆಸ್ಪತ್ರೆಯ ವರಾಂಡದಲ್ಲಿ ಸರದಿಗೆ ಕಾಯುತ್ತಾ ಮಲಗಿದಳು. ಕಾಲು ಊದಿಕೊಂಡು ಚಪ್ಪಲಿ ಹಿಡಿಸುತ್ತಿರಲಿಲ್ಲ. ನಾನೇ ಹೋಗಿ ನೋಡಿದೆ.

ನನ್ನ ನಿವೃತ್ತಿಯ ದಿನ ಬಂತು. ಮುಕ್ತಸಭೆಯಲ್ಲೇ ಬೀಳ್ಕೊಡುಗೆ. ನಿವೃತ್ತರಾಗುವವರು ಮನೆಯವರನ್ನು ಕರೆತರಬಹುದು ಎಂಬುದು ರೂಢಿ. ನಾನು ಯಜಮಾನರನ್ನೂ ಏಳುಮಲೈಯನ್ನೂ ಕರೆದುಕೊಂಡು ಹೋದೆ. ಏಳುಮಲೈ ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿಕೊಂಡು ಬಂದಿದ್ದರು. ಗೇಟಿನ ಸೆಕ್ಯೂರಿಟಿಯವನು ಅವರ ಜೊತೆ ವರ್ಷಗಟ್ಟಲೆ ಟೀ ಕುಡಿದವನು. "ಇವರು ನಿಮಗೆ ಏನಾಗಬೇಕು ಮೇಡಂ?" ಎಂದು ಗಂಭೀರವಾಗಿ ಕೇಳಿದ. ತಮ್ಮ ಎಂದೆ. ತಮ್ಮ ಎಂದು ಬರೆದುಕೊಂಡು ಒಳಗೆ ಬಿಟ್ಟ.

ಶಾಲು, ಮಾಲೆ, ಗೋಡೆ ಗಡಿಯಾರ. ಯಾರಿಗಾದರೂ ಏನಾದರೂ ಕೇಳುವುದಿದೆಯೆ ಎಂದು ಎಂ.ಡಿ. ಕೇಳಿದಾಗ ನನ್ನ ತಮ್ಮ ಎದ್ದು ನಿಂತರು. ತಮಿಳಿನಲ್ಲಿ ಕೇಳಿದರು. "ಸಾರ್, ಆ ವರ್ಷದ ಹೊಗೆ ನಮ್ಮದು ಅಂತ ನೀವೇ ಊರಿಗೆಲ್ಲ ಹೇಳಿದಿರಿ. ಆ ಹೊಗೆ ಕುಡಿದುಕೊಂಡು ಬೆಂಕಿ ಹಾಕಿದ ನಾನು ಆ ವರ್ಷ ಯಾರ ಹತ್ತಿರ ಕೆಲಸದಲ್ಲಿದ್ದೆ?"

ಇದಕ್ಕೆ ಏನಾದರೊಂದು ಉತ್ತರ ಕೊಡದೆ ವಿಧಿಯಿಲ್ಲ ಎಂದುಕೊಂಡೆ. ಎಂ.ಡಿ. ಮುಗುಳ್ನಕ್ಕರು. "ನೋಡಿ, ಎಷ್ಟು ಒಳ್ಳೆಯ ಪ್ರಶ್ನೆ. ಎಷ್ಟು ಧೈರ್ಯವಾಗಿ ಕೇಳಿದರು. ಇದೇ ನಮ್ಮ ಸಂಸ್ಕೃತಿ," ಎಂದು ತಾವೇ ಮೊದಲು ಚಪ್ಪಾಳೆ ತಟ್ಟಿದರು. ಎಲ್ಲರೂ ತಟ್ಟಿದರು. ಫೋಟೋ ತೆಗೆಯುವವನು ಹತ್ತಿರ ಹೋಗಿ ತೆಗೆದ. ಆಮೇಲೆ ಮೈಸೂರುಪಾಕು ಹಂಚಿದರು. ಏಳುಮಲೈ ಮೈಕನ್ನು ಯಾರಿಗೆ ವಾಪಸು ಕೊಡುವುದೆಂದು ತಿಳಿಯದೆ ಹಿಡಿದುಕೊಂಡೇ ನಿಂತಿದ್ದರು.

ಮನೆಗೆ ಬಂದವಳು ಗಡಿಯಾರವನ್ನು ಪೆಟ್ಟಿಗೆಯಿಂದ ತೆಗೆಯಲೇ ಇಲ್ಲ. ಮುಗಿಯಿತು ಎಂದುಕೊಂಡೆ. ಕೆಲವು ತಿಂಗಳ ಮೇಲೆ ಸುಮೇಧಾಳ ಫೋನ್ ಬಂತು. ಹೊಸ ಕೆಲಸದ ಟ್ರೈನಿಂಗಿನಲ್ಲಿದ್ದಳು. ಒಳ್ಳೆಯ ರಿಪೋರ್ಟ್ ಹೇಗಿರಬೇಕು ಎಂದು ಮಾದರಿಗೆ, ಹೊಗೆ ನಮ್ಮದೇ ಎಂದು ಒಪ್ಪಿಕೊಂಡ ನಮ್ಮ ಕಂಪನಿಯ ಆ ವರ್ಷದ ರಿಪೋರ್ಟನ್ನು ತೋರಿಸಿದರಂತೆ. "ದೊಡ್ಡಮ್ಮಾ, ಮುಖಪುಟದಲ್ಲಿ ಒಬ್ಬರು ಮೀಸೆ ತಾತಾ ಇದ್ದಾರೆ, ಯಾರು ಅವರು?" ಎಂದು ತಮಿಳಿನಲ್ಲಿ ಕೇಳಿ ಫೋಟೋ ಕಳಿಸಿದಳು.

ಕನ್ನಡಕ ಹಾಕಿಕೊಂಡು ನೋಡಿದೆ. ಬಿಳಿ ಶರ್ಟು, ಕೈಯಲ್ಲಿ ಮೈಕು, ಏಳುಮಲೈ. ಪುಟದ ತುಂಬ. ಕೆಳಗೆ ಇಂಗ್ಲಿಷಿನಲ್ಲಿ ಒಂದು ಸಾಲು. 'ಮುಕ್ತಸಭೆಯಲ್ಲಿ ನಿರ್ದೇಶಕರನ್ನು ಪ್ರಶ್ನಿಸುತ್ತಿರುವ ನಮ್ಮ ಉದ್ಯೋಗಿ.' ಕೈಯಲ್ಲಿದ್ದ ಕಾಫಿ ಲೋಟ ಕೆಳಗಿಟ್ಟೆ. ಗೇಟಿನ ಹೊರಗೆ ಹಾಕಿದವರೇ ಮುಖಪುಟದ ಮೇಲೆ ಹಾಕಿಕೊಂಡಿದ್ದರು. ಹಾಕಿಕೊಳ್ಳುವಾಗ ಒಬ್ಬರಿಗೂ ಆ ಮುಖ ಯಾರದೆಂದು ಕೇಳಬೇಕೆನಿಸಿರಲಿಲ್ಲ.

ಆ ಮುಖಪುಟವನ್ನು ಇಟ್ಟು ಲೇಬರ್ ಆಫೀಸಿನಲ್ಲಿ ದೂರು ಕೊಟ್ಟು, ವಿಚಾರಣೆಯ ದಿನ ನಾನೂ ಏಳುಮಲೈಯೂ ಹೋದೆವು. ಪ್ಯಾರೀಸ್ ಕಾರ್ನರಿನಲ್ಲಿ ಬಸ್ ಬದಲಾಯಿಸುವಾಗ ಏಳುಮಲೈ, "ಅವತ್ತು ಶರ್ಟಿಗೆ ಇಸ್ತ್ರಿ ಮಾಡ್ಸಿದ್ದು ಒಳ್ಳೇದೇ ಆಯ್ತು ಮೇಡಂ," ಎಂದರು. ಬಹಳ ದಿನಗಳ ಮೇಲೆ ಅವರು ನಕ್ಕದ್ದು.

ಕಂಪನಿಯ ಕಡೆಯಿಂದ ಬಂದವರು ಗುರುರಾಜ ರಾಯರು. ನನ್ನನ್ನು ನೋಡಿ, "ಆರೋಗ್ಯವಾ ವಸುಂಧರಾ ಅವರೇ?" ಎಂದು ವಿಚಾರಿಸಿದರು. ಅಧಿಕಾರಿ ವಯಸ್ಸಾದ ಹೆಂಗಸು. ಇವರು ನಿಮ್ಮ ನೌಕರರೇ ಎಂದು ಕೇಳಿದರು. ಆ ವರ್ಷ ಅಲ್ಲ ಎಂದರು ರಾಯರು. ಆಕೆ ಮುಖಪುಟವನ್ನು ಅವರ ಕಡೆಗೆ ತಿರುಗಿಸಿ, ಹಾಗಾದರೆ ಇದು ಯಾರು ಎಂದರು.

ರಾಯರು ನೋಡಿದರು. ಅವರು ಅದನ್ನು ಆವರೆಗೆ ನೋಡಿಯೇ ಇರಲಿಲ್ಲ ಎಂದು ಮುಖದಲ್ಲೇ ತಿಳಿಯಿತು. ಕರ್ಚೀಫಿನಲ್ಲಿ ಕತ್ತು ಒರೆಸಿಕೊಂಡು, "ಅದು ಸುಮ್ಮನೆ ರಿಪೋರ್ಟಿಗೆ ಹಾಕಿದ್ದು ಮೇಡಂ," ಎಂದರು.

ನನ್ನ ಇಡೀ ಜೀವಮಾನದ ಕೆಲಸ ರಿಪೋರ್ಟ್ ಬರೆಯುವುದೇ ಆಗಿತ್ತು.

ಅಧಿಕಾರಿ ಪೆನ್ನಿನ ಮುಚ್ಚಳ ತೆಗೆದರು. "ಅಂದರೆ ರಿಪೋರ್ಟಿನಲ್ಲಿ ಮಿಕ್ಕಿದ್ದೂ ಹಾಗೇ ಸುಮ್ಮನೆ ಹಾಕಿದ್ದೇ? ಹೊಗೆ, ಬಾಯ್ಲರ್, ಎಲ್ಲ? ನೀವು ಹೇಳಿದಿರಿ ಅಂತ ಬರೆದುಕೊಳ್ಳಲೆ?"

ರಾಯರು ಒಂದು ನಿಮಿಷ ಎಂದು ಫೋನ್ ಹಿಡಿದು ಹೊರಗೆ ಹೋದರು. ಕಿಟಕಿಯಲ್ಲಿ ಕಾಣುತ್ತಿದ್ದರು. ಒಂದು ಕೈಯಿಂದ ಕಿವಿ ಮುಚ್ಚಿಕೊಂಡು, ಇನ್ನೊಂದು ಕಿವಿಯಲ್ಲಿ ಕೇಳಿಸಿಕೊಳ್ಳುತ್ತ, ತಲೆ ಆಡಿಸುತ್ತಿದ್ದರು. ಒಳಗೆ ಬಂದು ಕೂತರು. ನನ್ನ ಕಡೆ ನೋಡಲಿಲ್ಲ.

"ನಮ್ಮವರೇ ಮೇಡಂ," ಎಂದರು. "ಮೊದಲಿಂದಲೂ ನಮ್ಮವರೇ."

ಆಸ್ಪತ್ರೆ ಕಾರ್ಡು ವಾಪಸು ಬಂದದ್ದು ಆ ಒಂದು ಮಾತಿನಿಂದ. ನಾನು ನಮ್ಮದು ಎಂದು ಸತ್ಯ ಹೇಳಿದಾಗ ಅದು ನಿಂತುಹೋಗಿತ್ತು. ತಮ್ಮ ರಿಪೋರ್ಟಿನ ಮೇಲೆ ಹೊರಗಿನವರಿಗೆ ಅನುಮಾನ ಬರುತ್ತದೆ ಎಂಬ ಭಯ ಕಂಪನಿಯವರಿಗೆ ಹುಟ್ಟಿದಾಗ ತಿರುಗಿ ಬಂತು. ಇದನ್ನು ನೆನೆದರೆ ಇವತ್ತಿಗೂ ನನಗೆ ದಿಗಿಲಾಗುತ್ತದೆ. ಅವತ್ತು ಅಧಿಕಾರಿ ಬರೆದು ಮುಗಿಸಿ ಕಾಗದವನ್ನು ಸಹಿಗೆಂದು ಏಳುಮಲೈಯ ಮುಂದೆ ಇಟ್ಟರು. ಅವರು ಪೆನ್ನು ಹಿಡಿದರು, ಮತ್ತೆ ಕೆಳಗಿಟ್ಟರು.

"ಇನ್ನೂ ಐದು ಜನ ಅವ್ರೆ ಸಾರ್," ಎಂದು ರಾಯರಿಗೆ ಕನ್ನಡದಲ್ಲೇ ಹೇಳಿದರು. "ಅವರು ಫೋಟೋದಾಗಿಲ್ಲ, ಅಷ್ಟೇಯ."

ರಾಯರು ಫೋನ್ ತೆಗೆದುಕೊಂಡು ಮತ್ತೆ ಹೊರಗೆ ಹೋದರು. ಈ ಸಲ ಬಹಳ ಹೊತ್ತು ಬರಲಿಲ್ಲ. ಅಧಿಕಾರಿ ನಮಗೆ ಟೀ ತರಿಸಿದರು. ಏಳುಮಲೈ ಲೋಟ ಮುಟ್ಟದೆ, ಸಹಿ ಹಾಕದ ಕಾಗದದ ಮೇಲೆ ಕೈ ಇಟ್ಟುಕೊಂಡು ಬಾಗಿಲ ಕಡೆ ನೋಡುತ್ತಾ ಕೂತಿದ್ದರು.